ಮೇಲಿನ ಮಹಡಿಗೆ ನೆಟ್: ಮೊದಲು ಮೀಟರ್ ಬೋರ್ಡ್ ನೋಡಿ

"ಸರ್, ಪವರ್‌ಲೈನ್ ಅಡಾಪ್ಟರ್ ತರಿಸಿದ್ವಿ. ಎರಡೂ ಕಡೆ ಹಾಕಿದ್ವಿ. ಲೈಟೇ ಬರ್ತಿಲ್ಲ." ಇಂಥ ಫೋನ್ ಬಂದಾಗ ನಾನು ಅಡಾಪ್ಟರ್ ಯಾವ ಕಂಪನಿಯದು ಎಂದು ಕೇಳುವುದಿಲ್ಲ. ಮನೆಗೆ ಸಿಂಗಲ್ ಫೇಸಾ, ತ್ರೀ ಫೇಸಾ ಎಂದು ಕೇಳುತ್ತೇನೆ.

ಈ ಅಡಾಪ್ಟರ್ ಮಾಡುವ ಕೆಲಸ ಸರಳ. ಒಂದನ್ನು ರೂಟರ್ ಪಕ್ಕದ ಸಾಕೆಟ್‌ಗೆ ಹಾಕಿ ಲ್ಯಾನ್ ಕೇಬಲ್ ಜೋಡಿಸುತ್ತೀರಿ. ಇನ್ನೊಂದು ವೈಫೈ ಸಿಗದ ಕೋಣೆಯ ಸಾಕೆಟ್‌ನಲ್ಲಿ ಕೂರುತ್ತದೆ. ನಡುವೆ ಡೇಟಾ ಓಡುವುದು ಗೋಡೆಯೊಳಗಿನ ಕರೆಂಟ್ ವೈರಿನಲ್ಲೇ. ಕರೆಂಟ್ 50 ಹರ್ಟ್ಜ್‌ನದು, ಡೇಟಾ 2 ಮೆಗಾಹರ್ಟ್ಜ್‌ಗಿಂತ ಮೇಲಿನದು. ಹಾಗಾಗಿ ಒಂದೇ ತಂತಿಯಲ್ಲಿದ್ದರೂ ಒಂದರ ಕಾಲು ಇನ್ನೊಂದು ತುಳಿಯುವುದಿಲ್ಲ.

ಆದರೆ ತಂತಿ ಒಂದೇ ಆಗಿರಬೇಕಲ್ವಾ? ಬೆಂಗಳೂರಿನ 30x40 ಸೈಟಿನ ಮನೆಗಳಲ್ಲಿ ತೊಂದರೆ ಇಲ್ಲೇ. ತ್ರೀ ಫೇಸ್ ಕನೆಕ್ಷನ್ ಇದ್ದರೆ ಎಲೆಕ್ಟ್ರಿಷಿಯನ್ ಕೆಳಗಿನ ಮನೆಯನ್ನು ಕೆಂಪು ಫೇಸಿಗೆ, ಮೇಲಿನದನ್ನು ಹಳದಿಗೆ, ಅದರ ಮೇಲಿನದನ್ನು ನೀಲಿಗೆ ಹಂಚಿರುತ್ತಾನೆ. ಲೋಡ್ ಸಮ ಆಗಲಿ ಅಂತ. ಅಡಾಪ್ಟರಿನ ಸಿಗ್ನಲ್ ಒಂದು ಫೇಸಿನಿಂದ ಇನ್ನೊಂದಕ್ಕೆ ದಾಟುವಾಗ ಸೊರಗುತ್ತದೆ, ಕೆಲವು ಮನೆಗಳಲ್ಲಿ ದಾಟುವುದೇ ಇಲ್ಲ. ಬಾಡಿಗೆಗೆಂದು ಮಹಡಿಗೊಂದು ಮೀಟರ್ ಇದ್ದರೆ ಕಷ್ಟ ಇನ್ನೂ ಜಾಸ್ತಿ.

ಕಳೆದ ವರ್ಷ ಇಂಥದೇ ಒಂದು ಮೂರಂತಸ್ತಿನ ಮನೆಗೆ ಹೋಗಿದ್ದೆ. ರೂಟರ್ ಕೆಳಗಿನ ಹಾಲ್‌ನಲ್ಲಿ, ಮಗಳ ಆಫೀಸ್ ಕೆಲಸ ಮೇಲಿನ ಕೋಣೆಯಲ್ಲಿ. ಅಡಾಪ್ಟರ್ ಸತ್ತಂತೆ ಕೂತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಆಗ ಹೊಳೆಯಿತು: ಯುಪಿಎಸ್ ಲೈನ್! ಮನೆಯ ಯುಪಿಎಸ್ ಸಾಮಾನ್ಯವಾಗಿ ಒಂದೇ ಫೇಸಿನಿಂದ ಕರೆಂಟ್ ತಗೊಂಡು, ಮೂರೂ ಮಹಡಿಯ ಲೈಟು, ಫ್ಯಾನು, ಕೋಣೆಗೊಂದು ಐದು ಆಂಪಿನ ಸಾಕೆಟ್‌ಗೆ ಕೊಡುತ್ತದೆ. ಅಂದರೆ ಮನೆಯಿಡೀ ಓಡುವ ಒಂದೇ ಫೇಸಿನ ತಂತಿ ಆಗಲೇ ಇದೆ. ಎರಡೂ ಅಡಾಪ್ಟರನ್ನು ಯುಪಿಎಸ್ ಸಾಕೆಟ್‌ಗೆ ಬದಲಾಯಿಸಿದೆ. ಒಂದು ನಿಮಿಷದೊಳಗೆ ಲೈಟ್ ಹಸಿರಾಯಿತು. ಕರೆಂಟ್ ಹೋದರೂ ಮೀಟಿಂಗ್ ನಿಲ್ಲದ್ದು ಹೆಚ್ಚಿನ ಲಾಭ. ಯುಪಿಎಸ್ ಹಳೇ ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟ್ ಕೊಡುವ) ಇನ್ವರ್ಟರ್ ಆದರೆ ಬ್ಯಾಟರಿಯಲ್ಲಿ ಓಡುವಾಗ ಸ್ಪೀಡ್ ಇಳಿಯಬಹುದು, ಅಷ್ಟೇ. ಯಾವ ಸಾಕೆಟ್ ಯುಪಿಎಸ್‌ನದು ಗೊತ್ತಿಲ್ವಾ? ಮೇನ್ ಸ್ವಿಚ್ ಆಫ್ ಮಾಡಿ, ಮೊಬೈಲ್ ಚಾರ್ಜರ್ ಹಿಡಿದು ಒಂದು ಸುತ್ತು ಬನ್ನಿ.

ಅಡಾಪ್ಟರನ್ನು ನೇರ ಗೋಡೆಯ ಸಾಕೆಟ್‌ಗೇ ಹಾಕಿ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಈ ಸಿಗ್ನಲನ್ನೇ ಕಸ ಅಂದುಕೊಂಡು ನುಂಗುತ್ತದೆ. ಪಕ್ಕದ ಸಾಕೆಟ್‌ನಲ್ಲಿ ಅಗ್ಗದ ಚಾರ್ಜರ್ ಬೇಡ. ಒಬ್ಬರಿಗೆ ದಿನಾ ಬೆಳಿಗ್ಗೆ ಎಂಟಕ್ಕೆ ಮಾತ್ರ ವಿಡಿಯೋ ಒಡೆಯುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಚಟ್ನಿ. ಮಿಕ್ಸಿ ಮೋಟಾರಿನ ಕಿಡಿ ಅದೇ ಲೈನಿಗೆ ಗಲಾಟೆ ಬಿಡುತ್ತಿತ್ತು.

ಡಬ್ಬಿ ಮೇಲಿನ 600, 1000 ಎಂಬ ಸ್ಪೀಡಿನ ಅಂಕಿ ನೋಡಿ ಆಸೆಪಡಬೇಡಿ. ಅದು ಲ್ಯಾಬಿನ ಲೆಕ್ಕ. 600 ಎಂದು ಬರೆದ ಎಷ್ಟೋ ಅಡಾಪ್ಟರುಗಳ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದು. ಕೈಗೆ 50 ಸಿಕ್ಕರೂ ಆಫೀಸ್ ಮೀಟಿಂಗ್, ಸಿನಿಮಾ ಎರಡಕ್ಕೂ ಧಾರಾಳ.

ಈಗ ಮೇಲಿನ ಕೋಣೆಗೆ ಕೇಬಲ್ ಬಂತು, ವೈಫೈ ಬೇಕು. ಮೂಲೆಯಲ್ಲಿ ಧೂಳು ಹಿಡಿದ ಹಳೇ ರೂಟರ್ ಇದ್ದರೆ ಸಾಕು. ಆದರೆ ಅದು ರೂಟರ್ ಕೆಲಸ ಮಾಡಬಾರದು, ಸುಮ್ನೆ ವೈಫೈ ಹಂಚಬೇಕು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಒತ್ತಿ ಮುಗಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಅದಕ್ಕೊಂದಕ್ಕೇ ಜೋಡಿಸಿ ಅದರ ಐಪಿ (ನೆಟ್‌ವರ್ಕಿನೊಳಗಿನ ವಿಳಾಸ) ಬದಲಾಯಿಸಿ. ಕೆಳಗಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಆಮೇಲೆ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ಐಪಿ ಹಂಚುವ ಸೆಟ್ಟಿಂಗ್) ಆಫ್ ಮಾಡಿ. ಅಡಾಪ್ಟರಿನ ಕೇಬಲನ್ನು ಹೊರಗಿನ ನೆಟ್ ಬರುವ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ನಾನೇ ಒಮ್ಮೆ ಡಿಎಚ್‌ಸಿಪಿ ಮರೆತು ಬಂದಿದ್ದೆ. ಎರಡು ರೂಟರ್ ಜಗಳಕ್ಕೆ ಬಿದ್ದು, ಕೆಳಗೆ ಚೆನ್ನಾಗಿ ಬರುತ್ತಿದ್ದ ನೆಟ್ಟೂ ಹೋಯಿತು. ರಾತ್ರಿ ಹನ್ನೊಂದಕ್ಕೆ ಮತ್ತೆ ಅವರ ಮನೆಗೆ ಓಡಿದೆ, ಬೈಸಿಕೊಂಡೆ.

ವೈಫೈ ಹೆಸರು, ಪಾಸ್‌ವರ್ಡ್ ಎರಡೂ ರೂಟರಿನಲ್ಲಿ ಒಂದೇ ಇರಲಿ. ಚಾನೆಲ್ (ವೈಫೈ ಬಳಸುವ ರೇಡಿಯೋ ಪಟ್ಟಿ) ಮಾತ್ರ ಬೇರೆ: ಕೆಳಗೆ 1 ಇದ್ದರೆ ಮೇಲೆ 6 ಅಥವಾ 11.

ಮಲೆನಾಡಿನ ತೋಟದ ಮನೆಯವರೂ ಇದನ್ನು ಕೇಳುತ್ತಾರೆ: ಮನೆಯಿಂದ ಅಂಗಳದಾಚೆಯ ಅಡಿಕೆ ಶೆಡ್ಡಿಗೆ ಹೀಗೇ ನೆಟ್ ಒಯ್ಯಬಹುದಾ? ಒಂದೇ ಮೀಟರ್, ಒಂದೇ ಫೇಸ್ ಆದರೆ ಒಯ್ಯಬಹುದು. ಆದರೆ ಮೇ ತಿಂಗಳ ಗುಡುಗು ಶುರುವಾದಾಗ ಅಡಾಪ್ಟರನ್ನು ಎರಡೂ ಕಡೆ ಕಿತ್ತಿಡಬೇಕು. ಅದು ನೆನಪಿರುವುದಿಲ್ಲ ಅನ್ನುವವರಿಗೆ ನಾನು ಫೈಬರ್ ಎಳೆದುಕೊಡುತ್ತೇನೆ. ಗಾಜಿನೆಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ.