ಜಾಮೀನು ಸಿಕ್ಕರೂ ಬಿಡುಗಡೆಯಿಲ್ಲ: ಅಲ್ಲಿಂದ ಮುಂದಿನದು ಸ್ವಯಂಸೇವಕರ ಕೆಲಸ

ಜಾಮೀನು ಮಂಜೂರಾದ ದಿನವೇ ಆರೋಪಿ ಮನೆಗೆ ಬರುತ್ತಾನೆ ಎಂದು ಬಹಳ ಜನ ತಿಳಿದಿದ್ದಾರೆ. ಕೈಯಲ್ಲಿ ನಾಲ್ಕು ಕಾಸು, ಬೆನ್ನಿಗೆ ನಾಲ್ಕು ಜನ ಇರುವವರ ಮಟ್ಟಿಗೆ ಅದು ನಿಜ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿರುವವರ ಕಾನೂನು ನೆರವಿನ ಕೇಸುಗಳನ್ನು ನಡೆಸುವ ನನ್ನಂಥ ವಕೀಲರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಆದೇಶ ಆಗಿ ವಾರಗಳು ಕಳೆದಿರುತ್ತವೆ, ಆಸಾಮಿ ಇನ್ನೂ ಬ್ಯಾರಕ್ಕಿನಲ್ಲೇ ಇರುತ್ತಾನೆ. ಕಾರಣ ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ತಪ್ಪದೆ ಬರುತ್ತಾನೆಂದು ತಮ್ಮ ಆಸ್ತಿ ತೋರಿಸಿ ಹೊಣೆ ನಿಲ್ಲುವವರು ಸಿಗದಿರುವುದು.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆಂದು ಇನ್ನೂ ಯಾವ ಕೋರ್ಟೂ ಹೇಳಿರದವರು. ಇವರಲ್ಲಿ ಬಡವರಿಗೆ ಎದುರಾಗುವ ತೊಡಕು ಹೇಗಿರುತ್ತದೆ ಎನ್ನುವುದಕ್ಕೆ ಒಂದು ಕೇಸು ಹೇಳುತ್ತೇನೆ.

ರಾಯಚೂರು ಜಿಲ್ಲೆಯ ಹುಡುಗ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವನು. ಸೈಟಿನ ಕಬ್ಬಿಣ ಕದ್ದನೆಂದು ಆರೋಪ. ಐವತ್ತು ಸಾವಿರ ರೂಪಾಯಿಯ ಬಾಂಡು (ತಾರೀಖಿಗೆ ಬರದಿದ್ದರೆ ಅಷ್ಟು ಹಣ ಕಟ್ಟುತ್ತೇನೆಂಬ ಮುಚ್ಚಳಿಕೆ), ಇಬ್ಬರು ಶ್ಯೂರಿಟಿ ಎಂಬ ಷರತ್ತಿನ ಮೇಲೆ ಜಾಮೀನು ಆಯಿತು. ಅವನ ಮೊಬೈಲು ಪೊಲೀಸರ ವಶದಲ್ಲಿತ್ತು, ಮನೆಯವರ ನಂಬರು ಬಾಯಿಪಾಠ ಇರಲಿಲ್ಲ. ನಮ್ಮ ಜೊತೆ ಕೆಲಸ ಮಾಡುವ ಸ್ವಯಂಸೇವಕಿ, ನಿವೃತ್ತ ಶಿಕ್ಷಕಿ, ಹೊಸೂರು ರಸ್ತೆ ಆಚೆಯ ಕಾರ್ಮಿಕರ ಶೆಡ್ಡುಗಳಲ್ಲಿ ವಿಚಾರಿಸಿ ಮೇಸ್ತ್ರಿಯನ್ನು ಹಿಡಿದರು. ಅವನಿಂದ ಊರಿನ ಕಿರಾಣಿ ಅಂಗಡಿಯ ನಂಬರು ಸಿಕ್ಕಿತು. ಅಂಗಡಿಯವರು ತಾಯಿಯನ್ನು ಕರೆಸಿದರು.

“ಹೊಲದ ಪಹಣಿ ಯಾರ ಹೆಸರಲ್ಲಿದೆಯಮ್ಮ?”

“ನಮ್ಮ ಮಾವನ ಹೆಸರಿಲೇ ಅದರಿ. ಅವ್ರು ತೀರಿಕೊಂಡು ಬಾಳ ವರ್ಷ ಆತ್ರಿ.”

ಪೌತಿ ಖಾತೆ ಆಗಿಲ್ಲ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ ಎಂದರೆ ಆ ಪಹಣಿ ಶ್ಯೂರಿಟಿಗೆ ಉಪಯೋಗವಿಲ್ಲ. ಕೊನೆಗೆ ಹುಡುಗನ ಸೋದರಮಾವನ ಹೆಸರಲ್ಲಿ ಎರಡು ಎಕರೆ ಇರುವುದು ಗೊತ್ತಾಯಿತು. ಬಸ್ ಚಾರ್ಜು ಕೊಟ್ಟು ಅವರನ್ನು ಕರೆಸುವ ಏರ್ಪಾಡಾಯಿತು. ಎರಡನೆಯವರು ಎಲ್ಲೂ ಸಿಗಲಿಲ್ಲ. ಆಗ ಷರತ್ತು ಸಡಿಲಿಸಬೇಕೆಂದು ಅರ್ಜಿ ಹಾಕಿದೆವು. ಕುಟುಂಬದ ಸ್ಥಿತಿಗತಿ, ಕೂಲಿ, ಯಾರು ಯಾರ ಮೇಲೆ ಅವಲಂಬಿಸಿದ್ದಾರೆ ಎಂಬುದನ್ನು ಆ ಶಿಕ್ಷಕಿ ಒಂದೂವರೆ ಪುಟದಲ್ಲಿ ಬರೆದುಕೊಟ್ಟಿದ್ದರು. ನನ್ನ ವಾದಕ್ಕಿಂತ ಆ ಒಂದೂವರೆ ಪುಟ ಹೆಚ್ಚು ಕೆಲಸ ಮಾಡಿತು ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಒಬ್ಬರ ಶ್ಯೂರಿಟಿ ಸಾಕೆಂದು ಆದೇಶವಾಯಿತು.

ಕಾನೂನು ಈ ವಿಷಯದಲ್ಲಿ ಬಡವರ ಪರವಾಗಿಯೇ ಇದೆ. 1978ರ ಮೋತಿ ರಾಮ್ ಪ್ರಕರಣದಲ್ಲಿ ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿ, ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದ್ದರು. ಅದು ತಪ್ಪೆಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಬಾಂಡಿನ ಮೊತ್ತ ವಿಪರೀತವಾಗಿರಬಾರದು ಎಂದು ಕ್ರಿಮಿನಲ್ ಕೇಸುಗಳು ನಡೆಯುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಮೂ ಹೇಳುತ್ತದೆ. 2023ರ ಜನವರಿ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟಪಡಿಸಿತು: ಜಾಮೀನು ಸಿಕ್ಕಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು, ಪ್ರಾಧಿಕಾರ ಪ್ಯಾರಾ ಲೀಗಲ್ ಸ್ವಯಂಸೇವಕರನ್ನೋ (ಕಾನೂನು ನೆರವಿನ ತರಬೇತಿ ಪಡೆದ ಸಾಮಾನ್ಯ ಜನ) ಜೈಲಿಗೆ ಭೇಟಿ ಕೊಡುವ ವಕೀಲರನ್ನೋ ಕಳಿಸಬಹುದು, ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತನ್ನು ಮರುಪರಿಶೀಲಿಸಬಹುದು. ಆದೇಶ ಚೆನ್ನಾಗಿದೆ. ಅದು ನಡೆಯಬೇಕಾದರೆ ಶೆಡ್ಡಿಗೆ ಹೋಗಿ ಮೇಸ್ತ್ರಿಯನ್ನು ಹುಡುಕುವ ಒಬ್ಬರು ಬೇಕು.

ಇಲ್ಲಿ ದತ್ತಿ ಸಂಸ್ಥೆಗಳಿಗೆ ನನ್ನದೊಂದು ಕಳಕಳಿಯ ಮಾತಿದೆ. ಹಬ್ಬಕ್ಕೆ ಸಿಹಿ, ಚಳಿಗೆ ಕಂಬಳಿ, ಒಂದು ದಿನದ ಯೋಗ ಶಿಬಿರ ಇವಕ್ಕೆ ದಾನಿಗಳು ಬೇಗ ಸಿಗುತ್ತಾರೆ, ಫೋಟೋಗಳೂ ಬರುತ್ತವೆ. ಬಸ್ ಚಾರ್ಜು, ಫೋನ್ ಬಿಲ್ಲು, ಪಹಣಿ ಪ್ರತಿ, ಊರಿನಿಂದ ಬಂದ ಶ್ಯೂರಿಟಿಯ ಊಟ, ಕಳೆದುಕೊಂಡ ಕೂಲಿ ಇವಕ್ಕೆ ಯಾರೂ ಹಣ ಕೊಡುವುದಿಲ್ಲ. ಒಬ್ಬ ಮನುಷ್ಯನನ್ನು ಹೊರಗೆ ತರುವುದು ಇವೇ. ಹಾಗೆಂದು ಕೋರ್ಟಿನ ಸುತ್ತಮುತ್ತ ದುಡ್ಡಿಗೆ ಶ್ಯೂರಿಟಿ ನಿಲ್ಲುವವರಿಗೆ ಸಂಸ್ಥೆಯ ಹಣ ಹೋಗಕೂಡದು. ನಕಲಿ ದಾಖಲೆ ಎಂದು ಗೊತ್ತಾದ ದಿನ ಜಾಮೀನು ರದ್ದಾಗುತ್ತದೆ, ಜೊತೆಗೆ ಹೊಸ ಕೇಸು. ಹಣವೇ ಅಡ್ಡಿಯಾದ ಕಡೆ, ಬಡ ಕೈದಿಗಳ ನೆರವಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯನ್ನು ಮೊದಲು ಕೇಳಿ ನೋಡಬೇಕು.

ಸ್ವಯಂಸೇವಕರು ತಿಳಿದಿರಬೇಕಾದ ಮಿತಿಗಳೂ ಇವೆ. “ನಿಜ ಹೇಳು, ನೀನು ಮಾಡಿದ್ದೀಯಾ?” ಎಂದು ಕೇಳಬೇಡಿ. ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. ಅದೇ ಮಾತನ್ನು ನಿಮಗೆ ಹೇಳಿದರೆ ಆ ರಕ್ಷಣೆ ಸಿಗುತ್ತದೆಂಬ ಭರವಸೆಯಿಲ್ಲ. ಇನ್ನೊಂದು, ಬಿಡುಗಡೆಯ ದಿನವನ್ನು ಮನೆಯವರಿಗೆ ಯಾವತ್ತೂ ಖಚಿತವಾಗಿ ಹೇಳಬೇಡಿ. ಬೇರೆ ಕೇಸಿನಲ್ಲಿ ಅವನನ್ನು ಹಾಜರುಪಡಿಸಿ ಎಂದು ಇನ್ನೊಂದು ಕೋರ್ಟು ಜೈಲಿಗೆ ಕಳಿಸಿದ ಬಾಡಿ ವಾರಂಟು ಬಾಕಿ ಇದ್ದರೆ ಈ ಕೇಸಿನ ಜಾಮೀನಿನಿಂದ ಅವನು ಹೊರಬರುವುದಿಲ್ಲ. ಗೇಟಿನ ಮುಂದೆ ಕತ್ತಲಾಗುವವರೆಗೆ ಕಾದು ವಾಪಸಾದ ತಾಯಂದಿರನ್ನು ಕಂಡಿದ್ದೇನೆ.

ಹೊರಗೆ ಬಂದ ಮೇಲೆ ಬಹುಮುಖ್ಯವಾದದ್ದು ಮುಂದಿನ ತಾರೀಖು. ಬಿಡುಗಡೆ ಸಾಮಾನ್ಯವಾಗಿ ಸಂಜೆ ಆಗುತ್ತದೆ, ಕೈಯಲ್ಲಿ ಫೋನಿಲ್ಲ, ದುಡ್ಡಿಲ್ಲ. ಆತ ಸೀದಾ ಊರಿಗೆ ಹೋಗುತ್ತಾನೆ, ತಾರೀಖು ತಪ್ಪುತ್ತದೆ, ಜಾಮೀನುರಹಿತ ವಾರಂಟು ಹೊರಡುತ್ತದೆ. ಎರಡನೇ ಸಲ ಜಾಮೀನು ಸಿಗುವುದು ಬಲು ಕಷ್ಟ, ಶ್ಯೂರಿಟಿ ನಿಂತ ಸೋದರಮಾವನಿಗೂ ನೋಟಿಸು ಹೋಗುತ್ತದೆ. ಆ ಶಿಕ್ಷಕಿ ಕೇಸ್ ನಂಬರು, ಕೋರ್ಟ್ ಹಾಲಿನ ಸಂಖ್ಯೆ, ತಾರೀಖು, ವಕೀಲರ ನಂಬರು ಬರೆದ ಚೀಟಿಯನ್ನು ಕೈಗೆ ಕೊಡುತ್ತಾರೆ, ತಾರೀಖಿಗೆ ಎರಡು ದಿನ ಮೊದಲು ಫೋನ್ ಮಾಡುತ್ತಾರೆ. ರಾಯಚೂರಿನ ಹುಡುಗ ಈವರೆಗೆ ಒಂದು ತಾರೀಖನ್ನೂ ತಪ್ಪಿಸಿಲ್ಲ.

ಈ ಕೆಲಸಕ್ಕೆ ಕಾನೂನು ಪದವಿ ಬೇಡ. ನಿವೃತ್ತ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು ತರಬೇತಿ ಪಡೆದು ಪ್ಯಾರಾ ಲೀಗಲ್ ಸ್ವಯಂಸೇವಕರಾಗಬಹುದು. ಸನ್ನಡತೆಯ ಶಿಕ್ಷಾ ಕೈದಿಗಳಿಗೂ ಇದರಲ್ಲಿ ಅವಕಾಶವಿದೆ, ಒಳಗಿನ ಕಷ್ಟ ಅವರಷ್ಟು ಬಲ್ಲವರು ಯಾರೂ ಇಲ್ಲ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ಇಲ್ಲವೇ 15100 ಸಹಾಯವಾಣಿಯಲ್ಲಿ ವಿಚಾರಿಸಿ. ಅರ್ಜಿಯಲ್ಲಿ ನಿಮಗೆ ಬರುವ ಭಾಷೆಗಳನ್ನು ತಪ್ಪದೆ ಬರೆಯಿರಿ. ಒಡಿಯಾ, ಬಂಗಾಳಿ ಬಲ್ಲವರು ಸಿಕ್ಕರೆ ನಮಗೆ ದೊಡ್ಡ ಉಪಕಾರ. ಆ ಊರುಗಳ ಕಿರಾಣಿ ಅಂಗಡಿಗಳಿಗೂ ಫೋನ್ ಮಾಡಬೇಕಾಗಿದೆ.