ತಿರುಗದ ಎಂಟು ಸ್ಕ್ರೂಗಳು

ಸ್ವಿಟ್ಜರ್‌ಲ್ಯಾಂಡಿನ ಆಡೆಮಾರ್ ಪಿಗೆ ಕಂಪನಿಯ ‘ರಾಯಲ್ ಓಕ್’ ವಾಚಿನ ಫೋಟೋ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಸ್ಕ್ರೂಗಳು. ಗಾಜಿನ ಸುತ್ತ ಎಂಟು ಮೂಲೆಯ ಪಟ್ಟಿ, ಮೂಲೆಗೊಂದು ಸ್ಕ್ರೂ. ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಎಂಟೂ ಸ್ಕ್ರೂಗಳ ತಲೆಯ ಮೇಲಿನ ಗೀರು ಒಂದೇ ವೃತ್ತದ ಗುಂಟ ಕೂತಿದೆ. ಒಂದೂ ಓರೆಯಾಗಿಲ್ಲ.

ಇದು ಹೇಗೆ ಸಾಧ್ಯ? ಮನೆಯ ಸ್ವಿಚ್ ಬೋರ್ಡನ್ನೇ ನೋಡಿ. ಸ್ಕ್ರೂ ಎಲ್ಲಿ ಬಿಗಿಯಾಯಿತೋ ಅಲ್ಲೇ ನಿಲ್ಲುತ್ತದೆ. ಒಂದರ ಗೀರು ಅಡ್ಡ, ಇನ್ನೊಂದರದ್ದು ಸೊಟ್ಟ. ಅದು ಸಹಜ, ಅಲ್ವಾ?

ರಾಯಲ್ ಓಕ್‌ನ ಸ್ಕ್ರೂಗಳು ತಿರುಗುವುದೇ ಇಲ್ಲ. ಅವುಗಳ ತಲೆ ಆರು ಮೂಲೆಯದು. ಅದೇ ಅಳತೆಯ ಆರು ಮೂಲೆಯ ಕುಳಿಯಲ್ಲಿ ಅದು ಕೂತುಬಿಡುತ್ತದೆ. ಉದ್ದನೆಯ ಕಾಲು ವಾಚಿನ ಮೈಯನ್ನು ದಾಟಿ ಹಿಂದೆ ಬರುತ್ತದೆ. ಬಿಗಿ ಮಾಡುವುದು ಹಿಂದಿನಿಂದ, ನಟ್ಟು ಹಾಕಿ. ಅಂದರೆ ಮುಂದಿನ ಗೀರಿಗೆ ಸ್ಕ್ರೂಡ್ರೈವರಿನ ಕೆಲಸವೇ ಇಲ್ಲ, ಅದು ಬರೀ ಅಂದಕ್ಕೆ. ಆದರೆ ಸ್ಕ್ರೂ ಅಂದಕ್ಕಲ್ಲ. ನನಗೆ ಈ ವಾಚಿನ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ತಿಳಿದ ದಿನ.

ಆ ಸ್ಕ್ರೂಗಳು ಮಾಡುವ ಕೆಲಸ ನಮ್ಮ ಅಡುಗೆಮನೆಯಲ್ಲೂ ಇದೆ. ಕುಕ್ಕರಿನ ಮುಚ್ಚಳದೊಳಗೆ ರಬ್ಬರ್ ಗ್ಯಾಸ್ಕೆಟ್ ಇರುತ್ತದಲ್ಲ, ಅಂಥದ್ದೇ ಒಂದು ಇಲ್ಲೂ ಇದೆ. ಲೋಹಕ್ಕೆ ಎಷ್ಟೇ ನಯ ಕೊಟ್ಟರೂ ಅದರ ಮೇಲೆ ಕಣ್ಣಿಗೆ ಕಾಣದ ಏರುತಗ್ಗು ಉಳಿಯುತ್ತದೆ. ಎರಡು ಲೋಹ ಸೇರಿದ ಕಡೆ ನೀರು ನುಸುಳುವುದು ಆ ಸಂದಿನಲ್ಲೇ. ನಡುವೆ ರಬ್ಬರ್ ಇಟ್ಟು ಒತ್ತಿದರೆ ಅದು ಹಿಗ್ಗಿ ಸಂದುಗಳನ್ನು ತುಂಬುತ್ತದೆ. ಆದರೆ ಒತ್ತಡ ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಸಡಿಲವಾದರೂ ಸಾಕು, ನೀರಿಗೆ ದಾರಿ. ಎಂಟು ಕಡೆ ಬಿಗಿದರೆ ಆ ಚಿಂತೆ ಕಡಿಮೆ. ಬೇರೆ ವಾಚುಗಳಲ್ಲಿ ಗ್ಯಾಸ್ಕೆಟ್ ಒಳಗೆ ಅಡಗಿರುತ್ತದೆ. ಇಲ್ಲಿ ಪಕ್ಕದಿಂದ ನೋಡಿದರೆ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಕಾಣಲಿ ಎಂದೇ ಬಿಟ್ಟಿದ್ದಾರೆ.

ಈ ವಾಚಿನ ಚಿತ್ರ ಬರೆದವರು ಜಿನೀವಾದ ವಿನ್ಯಾಸಕಾರ ಜೆರಾಲ್ಡ್ ಜೆಂಟಾ. 1970ರಲ್ಲಿ ಒಂದು ಸಂಜೆ ಕಂಪನಿಯ ಮುಖ್ಯಸ್ಥರಾಗಿದ್ದ ಜಾರ್ಜ್ ಗೋಲೇ ಫೋನ್ ಮಾಡಿ, ಯಾರೂ ಕಂಡಿರದಂಥ ಸ್ಟೀಲ್ ವಾಚಿನ ಚಿತ್ರ ಬೆಳಗಾಗುವುದರೊಳಗೆ ಬೇಕು ಎಂದರಂತೆ. ಜೆಂಟಾ ಆ ರಾತ್ರಿಯೇ ಬರೆದು ಮುಗಿಸಿದರು. ಚಿಕ್ಕವರಿದ್ದಾಗ ಅವರು ಜಿನೀವಾದಲ್ಲಿ ಮುಳುಗುಗಾರನೊಬ್ಬನನ್ನು ನೋಡಿದ್ದರು. ಆತನ ಲೋಹದ ಶಿರಸ್ತ್ರಾಣವನ್ನು ಬೋಲ್ಟು ಹಾಕಿ, ರಬ್ಬರ್ ಸೇರಿಸಿ ಬಿಗಿಯುತ್ತಿದ್ದರು. ಆ ನೆನಪೇ ಈ ವಾಚಾಯಿತು ಎಂದು ಜೆಂಟಾ ಮುಂದೆ ಹೇಳಿಕೊಂಡಿದ್ದಾರೆ. ‘ರಾಯಲ್ ಓಕ್’ ಎಂಬ ಹೆಸರು ಬಂದಿದ್ದು ಬ್ರಿಟಿಷ್ ಯುದ್ಧನೌಕೆಗಳಿಂದ.

ವಾಚು ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಕಾಲ ಚೆನ್ನಾಗಿರಲಿಲ್ಲ. 1969ರ ಡಿಸೆಂಬರಿನಲ್ಲೇ ಜಪಾನಿನ ಸೀಕೊ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರ ತಂದಿತ್ತು. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಆಗಿನ ರಾಯಲ್ ಓಕ್‌ನೊಳಗಿನ ಚಕ್ರ ಸೆಕೆಂಡಿಗೆ ಹೊಡೆಯುತ್ತಿದ್ದದ್ದು ಐದೂವರೆ ಬಡಿತ. ಸಮಯ ತೋರಿಸುವ ಪಂದ್ಯದಲ್ಲಿ ಸ್ಪ್ರಿಂಗಿನ ವಾಚು ಸೋತಾಗಿತ್ತು. ಹಾಗಿದ್ದರೂ ಈ ಸ್ಟೀಲ್ ವಾಚಿಗೆ 3,000 ಸ್ವಿಸ್ ಫ್ರಾಂಕ್‌ಗಿಂತ ಜಾಸ್ತಿ ಬೆಲೆ ಇಟ್ಟರು. ಆಗ ಅಷ್ಟು ದುಡ್ಡಿಗೆ ಚಿನ್ನದ ವಾಚೇ ಸಿಗುತ್ತಿತ್ತು.

ಸ್ಟೀಲಿಗೆ ಯಾಕೆ ಅಷ್ಟು ಬೆಲೆ? ಚಿನ್ನ ಮೆದು, ಹೇಳಿದ ಹಾಗೆ ಕೇಳುತ್ತದೆ. ವಾಚಿಗೆ ಬಳಸುವ ಸ್ಟೀಲು ಹಾಗಲ್ಲ. ಕೊರೆಯುತ್ತಾ ಹೋದಷ್ಟೂ ಕೊರೆದ ಜಾಗ ಇನ್ನೂ ಗಟ್ಟಿಯಾಗುತ್ತದೆ, ಉಳಿ ಸವೆಯುತ್ತದೆ. ಮೊದಲ ಮಾದರಿಗಳನ್ನು ಬಿಳಿ ಚಿನ್ನದಲ್ಲಿ ಮಾಡಿ ನೋಡಿದ್ದೇ ಆ ಕೆಲಸ ಸುಲಭ ಎಂದು. ಸ್ಕ್ರೂಗಳು ಇವತ್ತಿಗೂ ಬಿಳಿ ಚಿನ್ನದವೇ.

ವಾಚಿನ ಹೊಳಪನ್ನು ಗಮನಿಸಿ. ಅಗಲವಾದ ಭಾಗಗಳ ಮೇಲೆ ಒಂದೇ ದಿಕ್ಕಿಗೆ ಸಣ್ಣ ಸಣ್ಣ ಗೀರು ಎಳೆದಿರುತ್ತಾರೆ. ಅಲ್ಲಿ ಬಿದ್ದ ಬೆಳಕು ಚದುರಿ ಮಂಕಾಗಿ ಕಾಣುತ್ತದೆ. ಅಂಚುಗಳನ್ನು ಮಾತ್ರ ಕನ್ನಡಿಯಂತೆ ಉಜ್ಜಿರುತ್ತಾರೆ. ಅಲ್ಲಿ ಬಿದ್ದ ಬೆಳಕು ಒಂದೇ ಕಡೆಗೆ ಚಿಮ್ಮುತ್ತದೆ. ಕೈ ಅಲುಗಿದಾಗಲೆಲ್ಲ ಅಂಚಿನ ಮೇಲೆ ಮಿಂಚಿನ ಗೆರೆ ಓಡುತ್ತದೆ. ಎರಡು ಮೈ ಸೇರುವ ಗಡಿ ಚೂಪಾಗಿರಬೇಕು. ಉಜ್ಜುವವರ ಕೈ ಚೂರು ತಪ್ಪಿದರೂ ಅಂಚು ದುಂಡಗಾಗಿ ಆಟ ಕೆಡುತ್ತದೆ. ಸರಪಳಿಯ ಕೊಂಡಿಗಳು ಕೊಕ್ಕೆಯ ಕಡೆಗೆ ಹೋಗುತ್ತಾ ಕಿರಿದಾಗುತ್ತವೆ. ಹಾಗಾಗಿ ಒಂದೊಂದಕ್ಕೂ ಬೇರೆ ಅಳತೆ. ನನ್ನ ಪ್ರಕಾರ ಈ ವಾಚಿನ ನಿಜವಾದ ಶ್ರಮ ಇಲ್ಲಿದೆ.

39 ಮಿಲಿಮೀಟರ್ ಅಗಲ ಆಗಿನ ಕಾಲಕ್ಕೆ ಬಲು ದೊಡ್ಡದು. ಆದರೂ ವಾಚು ತೆಳ್ಳಗಿದೆ. ಒಳಗಿನ ಯಂತ್ರದ ದಪ್ಪ 3.05 ಮಿಲಿಮೀಟರ್ ಅಷ್ಟೇ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಕೈ ಅಲುಗಿದಾಗ ತಿರುಗಿ ಸ್ಪ್ರಿಂಗಿಗೆ ಕೀಲಿ ಕೊಡುವ ತೂಕದ ಬಿಲ್ಲೆಯೂ ಅದರಲ್ಲೇ ಸೇರಿದೆ. ಊಟದ ತಟ್ಟೆಯನ್ನು ಬೆರಳ ತುದಿಯಲ್ಲಿಟ್ಟು ತಿರುಗಿಸಿದರೆ ಅಂಚು ಓಲಾಡುತ್ತದೆ ತಾನೇ? ಬಿಲ್ಲೆ ತೆಳುವಾದಷ್ಟೂ ಈ ಓಲಾಟ ಜಾಸ್ತಿ. ಅದಕ್ಕೇ ಅಂಚಿನ ಕೆಳಗೆ ಮಾಣಿಕ್ಯದ ಪುಟ್ಟ ಗಾಲಿಗಳನ್ನಿಟ್ಟು ಆಸರೆ ಕೊಟ್ಟರು. ಇಂಥ ಯಂತ್ರವನ್ನು ಮೊದಲು ರೂಪಿಸಿದ್ದು ಆಡೆಮಾರ್ ಪಿಗೆ ಇರುವ ಸ್ವಿಟ್ಜರ್‌ಲ್ಯಾಂಡಿನ ಜೂ ಕಣಿವೆಯದೇ ಆದ ಜೇಗರ್ ಲೆಕೂಲ್ಟ್ರ್ ಕಂಪನಿ, 1967ರಲ್ಲಿ.

ಆ ಯಂತ್ರ ಈ ವಾಚಿನಲ್ಲಿ 50 ವರ್ಷ ನಡೆಯಿತು. 2022ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಹೊಸದರ ದಪ್ಪ 3.2 ಮಿಲಿಮೀಟರ್. ಆದರೆ ಹೊರಗಿನ ಅಗಲ ಅದೇ 39. ಎಂಟು ಗೀರುಗಳೂ ಅದೇ ವೃತ್ತದಲ್ಲಿವೆ.