ಜೀವಕೋಶಕ್ಕೂ ಮೇಲು ಕೆಳಗು ಗೊತ್ತಿರಬೇಕು

ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಅಮ್ಮನ ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿಗೆ ಬಂದಿದ್ದರು. ದೊಡ್ಡ ಕರುಳಿನಿಂದ ತೆಗೆದ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಗಂಟು. 'ಲೋ ಗ್ರೇಡ್ ಡಿಸ್‌ಪ್ಲೇಸಿಯಾ, ಪೊಲಾರಿಟಿ ಪ್ರಿಸರ್ವ್ಡ್' ಅಂತ ನಾನೇ ಬರೆದಿದ್ದೆ. ಕೋಶಗಳ ರೂಪ ಸ್ವಲ್ಪ ಕೆಟ್ಟಿದೆ, ಆದರೆ ಮೇಲು ಕೆಳಗಿನ ದಿಕ್ಕು ಉಳಿದಿದೆ ಅಂತ ಅರ್ಥ.

"ಏನು ಮೇಡಂ ಇದು ಪೊಲಾರಿಟಿ? ಕ್ಯಾನ್ಸರಾ?"

ಕೂರಿಸಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಮೊದಲು ಅಂಚಿನಲ್ಲಿದ್ದ ಆರೋಗ್ಯವಾದ ಭಾಗ. ಉದ್ದುದ್ದ ಕೋಶಗಳು ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಲ್ಲಿ ನಿಂತಿವೆ. ನೀಲಿ ಚುಕ್ಕೆಯಂಥ ನ್ಯೂಕ್ಲಿಯಸ್‌ಗಳೆಲ್ಲ ಬುಡದಲ್ಲಿ. ಲೋಳೆ ತುಂಬಿದ ತಲೆ ಕರುಳಿನ ಒಳಗಡೆಗೆ.

"ನಿಮ್ಮ ಹುಳದ ರೇಷ್ಮೆ ಗ್ರಂಥಿಯೂ ಹೀಗೇ" ಅಂದೆ. ಅದರ ಗೋಡೆಯೂ ಒಂದೇ ಸಾಲು ಕೋಶ. ಹೊರಮೈಯಿಂದ ಹುಳದ ರಕ್ತದಲ್ಲಿರುವ ಆಹಾರ ಎಳೆದುಕೊಂಡು, ಒಳಮೈಯಿಂದ ರೇಷ್ಮೆ ಸುರಿಯುತ್ತವೆ. ಅದಲು ಬದಲಾದರೆ ಗೂಡೇ ಇಲ್ಲ, ಅಲ್ವಾ?

ಕೋಶ ದಿಕ್ಕು ತಿಳಿಯುವುದು ಅಕ್ಕಪಕ್ಕ ಮುಟ್ಟಿ ನೋಡಿಯೇ. ಬುಡದಲ್ಲಿ ಲ್ಯಾಮಿನಿನ್ ಎಂಬ ಪ್ರೋಟೀನ್ ಇರುವ ತೆಳು ಪೊರೆ ಇದೆ. ಕೋಶದ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನ್‌ಗೆ ಅದು ಸಿಕ್ಕರೆ ಆ ಕಡೆ ಕೆಳಗು. ನೆರೆಕೋಶದ ಅಂಟು ಪ್ರೋಟೀನ್ ಇ-ಕ್ಯಾಡ್ಹೇರಿನ್ ಕೈಗೆ ಸಿಕ್ಕರೆ ಅದು ಪಕ್ಕ. ಏನೂ ತಾಗದ ಮೈ ಮೇಲು. ಆಮೇಲೆ ಒಳಗೆ ಜಗ್ಗಾಟ. ಮೇಲಿನ ಪಾರ್-3, ಪಾರ್-6, ಎಪಿಕೆಸಿ ಎಂಬ ಪ್ರೋಟೀನ್‌ಗಳ ಗುಂಪು ಕೆಳಗಿನ ಸ್ಕ್ರಿಬಲ್ ಪ್ರೋಟೀನ್ ಗುಂಪನ್ನು ಹತ್ತಲು ಬಿಡುವುದಿಲ್ಲ. ಕೆಳಗಿನವೂ ಮೇಲಿನವನ್ನು ಇಳಿಯಲು ಬಿಡುವುದಿಲ್ಲ. ಗಡಿಯಲ್ಲಿ ನೆರೆಕೋಶಗಳನ್ನು ಬೆಸೆಯುವ ಟೈಟ್ ಜಂಕ್ಷನ್ ಸೊಂಟಪಟ್ಟಿಯಂತೆ ಬಿಗಿಯುತ್ತದೆ. ಪಾರ್ ಜೀನ್‌ಗಳ ಸುಳಿವು 1988ರಲ್ಲಿ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನ ಭ್ರೂಣದಲ್ಲಿ. ನನಗೆ ಇವತ್ತಿಗೂ ಅಚ್ಚರಿ.

ಒಮ್ಮೆ ನಿಂತರೆ ಸಾಲದು. ಹೊಸ ಪ್ರೋಟೀನ್ ತಯಾರಾದಾಗಲೆಲ್ಲ ಸರಿಯಾದ ಕಡೆಗೇ ಕಳಿಸಬೇಕು. ಸಣ್ಣ ಕರುಳಿನಲ್ಲಿ ಸಕ್ಕರೆ, ಸೋಡಿಯಂ ಜೊತೆಯಾಗಿ ಒಳಬರುವ ಬಾಗಿಲು ಮೇಲಿದೆ, ಸೋಡಿಯಂ ಹೊರಹಾಕುವ ಪಂಪ್ ಕೆಳಗಿದೆ. ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು, ಓಆರ್‌ಎಸ್, ಕೆಲಸ ಮಾಡುವುದು ಇದರಿಂದಲೇ. ಒಳಪದರ 3ರಿಂದ 5 ದಿನಕ್ಕೆ ಹೊಸದಾಗುತ್ತದೆ. ಹುಟ್ಟುವ ಪ್ರತಿ ಕೋಶವೂ ಮತ್ತೆ ದಿಕ್ಕು ಹುಡುಕಬೇಕು.

ಈಗ ಪಾಲಿಪ್ ಭಾಗಕ್ಕೆ ಸ್ಲೈಡ್ ಸರಿಸಿದೆ. ನ್ಯೂಕ್ಲಿಯಸ್‌ಗಳು ಉದ್ದವಾಗಿ, ಕಪ್ಪಾಗಿ ಒತ್ತೊತ್ತಿಕೊಂಡಿವೆ. ಆದರೂ ಬುಡದ ಅರ್ಧ ದಾಟಿಲ್ಲ. ಹೈ ಗ್ರೇಡ್ ಆಗಿದ್ದರೆ ತಲೆಯವರೆಗೂ ಹತ್ತಿ, ದಿಕ್ಕಾಪಾಲಾಗಿರುತ್ತಿದ್ದವು. 'ಪೊಲಾರಿಟಿ ಪ್ರಿಸರ್ವ್ಡ್' ಎಂಬ ಆ ಎರಡು ಪದ ಬರೆಯುವ ಮುಂಚೆ ನಾನು ಪ್ರತಿ ಗ್ರಂಥಿಯನ್ನೂ ನೋಡಿರುತ್ತೇನೆ.

"ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟಿದ್ದರೆ ಎಷ್ಟೋ ವರ್ಷಕ್ಕೆ ಆಗಬಹುದಿತ್ತು. ಪೂರ್ತಿ ತೆಗೆದಾಗಿದೆ. ಡಾಕ್ಟರ್ ಹೇಳಿದ ಸಮಯಕ್ಕೆ ಕೊಲೊನೋಸ್ಕೋಪಿ ಮಾತ್ರ ತಪ್ಪಿಸಬೇಡಿ."

ಅವರು ಮತ್ತೊಮ್ಮೆ ಕಣ್ಣಿಟ್ಟು ನೋಡಿದರು. "ಬುಡದಲ್ಲೇ ಇವೆ ಮೇಡಂ" ಅಂದರು.